ಓಪನ್‌ಎಪಿ ಬಳಸಿ ನೋಡಿದೆ: ಮೊದಲ ರಿಸರ್ಚ್‌ಗೆ ಹೊರಟ ಎಂಬಿಬಿಎಸ್ ಓದುವವರಿಗೆ

ಮೆಡಿಕಲ್ ಕಾಲೇಜಿನಲ್ಲಿ ಓದಿದವರಿಗೆ ಓಪನ್‌ಎಪಿ ಹೆಸರು ಹೊಸದಲ್ಲ. ಆದರೆ ಹೆಚ್ಚಿನವರು ಅದನ್ನು ತೆರೆಯುವುದು ಒಂದೇ ಒಂದು ಸಲ, ಪ್ರೊಪೋಸಲ್ ಕೊಡುವ ಹಿಂದಿನ ರಾತ್ರಿ. ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನರನ್ನು ಕೇಳಬೇಕು ಅನ್ನೋ ಲೆಕ್ಕದ ಪುಟಕ್ಕೆ ಹೋಗುತ್ತಾರೆ, ಅಲ್ಲಿ ಮೊದಲೇ ತುಂಬಿರುವ ಅಂಕಿಗಳನ್ನು ಹಾಗೇ ಬಿಟ್ಟು ಬಟನ್ ಒತ್ತುತ್ತಾರೆ, 384 ಅಂತ ಬರುತ್ತದೆ, ಅದನ್ನು ಬರೆದುಕೊಂಡು ಮುಚ್ಚಿಬಿಡುತ್ತಾರೆ. ಮೊದಲ ಸಲ ನಾನೂ ಅಷ್ಟೇ ಮಾಡಿದ್ದು. ಆಮೇಲೆ ಎರಡು ತಿಂಗಳು ಇದರ ಜೊತೆ ಕೂತು ಕೆಲಸ ಮಾಡಿದೆ. ಈಗ ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿದೆ, ಮುಂದೆ ಏನು ಓದಬೇಕು ಅನ್ನೋದನ್ನು ತೀರ್ಮಾನ ಮಾಡಿದ್ದೇನೆ, ಆ ತೀರ್ಮಾನದಲ್ಲಿ ಈ ಸಣ್ಣ ಲೆಕ್ಕದ ಸೈಟಿನ ಪಾಲು ದೊಡ್ಡದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಆರೋಗ್ಯದ ರಿಸರ್ಚ್‌ಗೆ ಬೇಕಾದ ಲೆಕ್ಕಗಳನ್ನು ಬ್ರೌಸರ್‌ನಲ್ಲೇ ಮಾಡುವ ಸೈಟ್. ದುಡ್ಡಿಲ್ಲ, ಲಾಗಿನ್ ಇಲ್ಲ. ಮಾಡಿದವರು ಆಂಡ್ರ್ಯೂ ಡೀನ್, ಕೆವಿನ್ ಸಲಿವನ್ ಮತ್ತು ಮಿನ್ ಮಿನ್ ಸೋ. ಇವರಲ್ಲಿ ಡೀನ್ ಅವರು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿದ್ದಾಗ 1985ರಲ್ಲಿ ಹೊರಬಂದ ಎಪಿ ಇನ್ಫೋ ಅನ್ನೋ ಸಾಫ್ಟ್‌ವೇರ್‌ನ ಹಿಂದೆ ಇದ್ದವರು. ಅಂದರೆ ಹಳ್ಳಿಯಲ್ಲಿ ಕಾಯಿಲೆ ಹಬ್ಬಿದಾಗ ಓಡಿಹೋಗುವವರ ಕೈಗೆ ಏನು ಬೇಕು ಅಂತ ಗೊತ್ತಿದ್ದವರು ಮಾಡಿದ್ದು. ಇಡೀ ಸೈಟನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಇದೊಂದೇ ಸಾಕು. ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್, ಇಳಿದರೆ ಅದೂ ಇಲ್ಲ.

ನನ್ನ ಕೆಲಸ ಮಂಗನ ಕಾಯಿಲೆಯ ಬಗ್ಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ (ಐಸಿಎಂಆರ್) ಎಸ್‌ಟಿಎಸ್ ಅಂತ ಒಂದು ಯೋಜನೆ ಇದೆ, ಎಂಬಿಬಿಎಸ್ ಓದುತ್ತಿರುವಾಗಲೇ ಒಬ್ಬ ಗೈಡ್ ಹಿಡಿದು ಎರಡು ತಿಂಗಳ ಸಣ್ಣ ರಿಸರ್ಚ್ ಮಾಡಬಹುದು. ಅದಕ್ಕೆ ಹಾಕಿದ್ದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಜನಕ್ಕೆ ಜ್ವರ ಬಂದು ಗುರುತು ಸಿಕ್ಕಿದ ಕಾಯಿಲೆ ಇದು. ಉಣುಗು ಕಚ್ಚಿ ಬರುತ್ತದೆ. ಚಳಿಗಾಲದಲ್ಲಿ ಶುರುವಾಗಿ ಮಳೆ ಬೀಳುವ ತನಕ ಇದರ ಕಾಲ. ಅದೇ ಕಾಲದಲ್ಲಿ ಜನ ಕೊಟ್ಟಿಗೆಗೆ ದರಗು (ಒಣಗಿ ಬಿದ್ದ ಎಲೆ) ತರಲು, ಸೊಪ್ಪು ಸೌದೆ ತರಲು ಕಾಡಿಗೆ ಹೋಗುತ್ತಾರೆ. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ, ಮೊದಲು ಡಿಎಂಪಿ ಎಣ್ಣೆ, ಈಗ ಡೆಪಾ ಎಣ್ಣೆ. ನನ್ನ ಪ್ರಶ್ನೆ ಬಹಳ ಸರಳ. ಈ ಎಣ್ಣೆಯನ್ನು ಜನ ಹಚ್ಚಿಕೊಳ್ಳುತ್ತಾರಾ?

ಗೈಡ್ ಮೇಡಂ ಮುಂದೆ 384 ಇಟ್ಟೆ. ಅವರು ಬೈಯಲಿಲ್ಲ. "ಈ 384 ಎಲ್ಲಿಂದ ಬಂತು, ಒಂದೊಂದೇ ಅಂಕಿ ಹೇಳು" ಅಂದರು. ಹೇಳೋಕೆ ಬರಲಿಲ್ಲ. ರೂಮಿಗೆ ಬಂದು ಮತ್ತೆ ತೆರೆದು ಕೂತೆ.

ಓಪನ್‌ಎಪಿಯ ನಿಜವಾದ ಬಲ ಇಲ್ಲಿದೆ ನೋಡಿ. ಉತ್ತರದ ಕೆಳಗೆ ಸೂತ್ರವನ್ನೂ ಬರೆದಿರುತ್ತದೆ. ಒಂದು ಅಂಕಿ ಬದಲಿಸಿ ಏನಾಗುತ್ತೆ ಅಂತ ನೋಡಬಹುದು, ಇನ್ನೊಂದು ಬದಲಿಸಬಹುದು, ಯಾರೂ ಕೇಳುವವರಿಲ್ಲ. ಪುಸ್ತಕದಲ್ಲಿ ಮೂರು ಸಲ ಓದಿದರೂ ತಲೆಗೆ ಹೋಗದ್ದು ಇಲ್ಲಿ ಅರ್ಧ ಗಂಟೆಯಲ್ಲಿ ಹೋಯಿತು.

ಮೊದಲೇ ತುಂಬಿರುವ ಅಂಕಿಗಳು ಇವು: ಜನಸಂಖ್ಯೆ 10 ಲಕ್ಷ, ನಿರೀಕ್ಷೆ (ನಾವು ಹುಡುಕುವ ಸಂಗತಿ ಎಷ್ಟು ಜನರಲ್ಲಿ ಇರಬಹುದು ಅನ್ನೋ ಅಂದಾಜು) 50%, ತಪ್ಪಿಗೆ ಬಿಟ್ಟ ಜಾಗ (ಉತ್ತರ ಆಚೆ ಈಚೆ ಎಷ್ಟು ಹೋಗಬಹುದು ಅನ್ನೋದು) 5%, ಡಿಸೈನ್ ಎಫೆಕ್ಟ್ 1. ನಮ್ಮದು 10 ಲಕ್ಷದ ಊರಲ್ಲ, ಒಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವ್ಯಾಪ್ತಿ. ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಪಿಎಚ್‌ಸಿ ಅನ್ನುವುದು ಸರ್ಕಾರದ ಅಳತೆ. ಹಾಗಾಗಿ 20 ಸಾವಿರ ಹಾಕಿದೆ. 377 ಬಂತು. 50 ಪಟ್ಟು ಸಣ್ಣ ಜನಸಂಖ್ಯೆಗೆ ಕಡಿಮೆಯಾಗಿದ್ದು ಬರೀ ಏಳು ಜನ! ಅದೇ 800 ಜನರ ಒಂದು ಹಳ್ಳಿ ಅಂತ ಹಾಕಿದರೆ 260. ಅನ್ನ ಬೆಂದಿದೆಯಾ ಅಂತ ನೋಡೋಕೆ ದೊಡ್ಡ ಪಾತ್ರೆಗೂ ಸಣ್ಣ ಪಾತ್ರೆಗೂ ಹೆಚ್ಚುಕಡಿಮೆ ಅಷ್ಟೇ ಅಗುಳು ಸಾಕಲ್ವಾ, ಪಾತ್ರೆ ತೀರಾ ಚಿಕ್ಕದಾದರೆ ಮಾತ್ರ ಲೆಕ್ಕ ಬೇರೆ.

ಮುಂದಿನದು 50%. ರಕ್ತಹೀನತೆ ಬಗ್ಗೆ ಕೆಲಸ ಮಾಡುವವರಾದರೆ ಇಲ್ಲಿ ಹಾಕಲು ಅಂಕಿ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಅಂತ ಸಿಗುತ್ತದೆ. ನನಗೆ ಎಣ್ಣೆ ಹಚ್ಚುವವರ ಬಗ್ಗೆ ನಂಬಿ ಹಾಕುವಂಥ ಅಂಕಿ ಸಿಗಲಿಲ್ಲ. ಹಾಗಿದ್ದಾಗ 50% ಇಡುವುದೇ ಸರಿ, ಯಾಕೆಂದರೆ ಎಲ್ಲಕ್ಕಿಂತ ದೊಡ್ಡ ಸ್ಯಾಂಪಲ್ ಬರುವುದು ಅಲ್ಲೇ. ಏನೇ ಉತ್ತರ ಬಂದರೂ ಜನ ಸಾಲದಾಗುವುದಿಲ್ಲ.

ಇನ್ನು ಡಿಸೈನ್ ಎಫೆಕ್ಟ್, ಅಂದರೆ ಜನರನ್ನು ಗುಂಪುಗುಂಪಾಗಿ ಆರಿಸಿದಾಗ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಅನ್ನೋದು. ಇದನ್ನು ಎಲ್ಲರೂ 1 ಅಂತಲೇ ಬಿಡುತ್ತಾರೆ. ನನ್ನ ಕೆಲಸದಲ್ಲಿ ಇದೇ ಮುಖ್ಯ. ನಾನು ಮಜರೆ ಮಜರೆಗೆ ಹೋಗಿ ಮನೆಗಳನ್ನು ಕೇಳುವವಳು. ಒಂದು ಮಜರೆಯ ಎಲ್ಲ ಮನೆಗೂ ಎಣ್ಣೆ ಕೊಡುವುದು ಒಬ್ಬರೇ ಆಶಾ ಕಾರ್ಯಕರ್ತೆ. ಅವರು ಚೆನ್ನಾಗಿ ತಿಳಿಸಿ ಹೇಳುವವರಾದರೆ ಇಡೀ ಮಜರೆ ಹಚ್ಚುತ್ತದೆ, ಇಲ್ಲದಿದ್ದರೆ ಇಡೀ ಮಜರೆ ಬಿಡುತ್ತದೆ. ಪಕ್ಕದ ಮನೆಯವರ ಉತ್ತರ ಮೊದಲ ಮನೆಯದ್ದೇ ಆದರೆ, ಎರಡು ಮನೆ ಕೇಳಿದರೂ ನಮಗೆ ಗೊತ್ತಾಗಿದ್ದು ಒಂದೇ ಮನೆಯಷ್ಟು. ಅದಕ್ಕೆ 2 ಹಾಕಿದೆ. 754 ಬಂತು. ಎರಡು ತಿಂಗಳಲ್ಲಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ತೋಟ ದಾಟಿ ಹೋಗಬೇಕಾದ ಕಡೆ, 754 ಜನ ಸಾಧ್ಯವಿರಲಿಲ್ಲ. ಆಗ ಮೇಡಂ ಜೊತೆ ಕೂತು ತಪ್ಪಿಗೆ ಬಿಟ್ಟ ಜಾಗವನ್ನು 5%ರಿಂದ 7% ಮಾಡಿದೆವು. 389. ಅಂದರೆ 30 ಮಜರೆ, ಒಂದೊಂದರಲ್ಲಿ 13 ಜನ. ಉತ್ತರ ಸ್ವಲ್ಪ ಒರಟಾಗುತ್ತೆ ಅಂತ ಗೊತ್ತಿದ್ದೇ ಒಪ್ಪಿಕೊಂಡಿದ್ದು, ಹಾಗಂತ ರಿಪೋರ್ಟ್‌ನಲ್ಲಿ ಬರೆದೂ ಬರೆದೆ. 384ಕ್ಕೂ 389ಕ್ಕೂ ಐದೇ ಅಂಕಿ ವ್ಯತ್ಯಾಸ. ಆದರೆ ಎರಡನೆಯದರ ಒಂದೊಂದು ಅಂಕಿಗೂ ನಾನು ಉತ್ತರ ಹೇಳಬಲ್ಲೆ.

ಮನೆ ಆರಿಸಲು ಅದರಲ್ಲೇ ರ‍್ಯಾಂಡಮ್ ನಂಬರ್ ಇದೆ. ಅದನ್ನೇ ಬಳಸಿದೆ, ತೊಂದರೆ ಏನಿಲ್ಲ.

ಈಗ ಟೂ ಬೈ ಟೂ ಟೇಬಲ್‌ಗೆ ಬರುತ್ತೇನೆ. ಓಪನ್‌ಎಪಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದು. ಚೌಕಾಬಾರದ ಮನೆಗಳ ಹಾಗೆ ನಾಲ್ಕು ಮನೆ. ಈ ಕಡೆ ಹಚ್ಚಿದವರು, ಹಚ್ಚದವರು. ಆ ಕಡೆ ಉಣುಗು ಕಚ್ಚಿದವರು, ಕಚ್ಚದವರು. ನಾಲ್ಕು ಅಂಕಿ ತುಂಬಿದರೆ ಉದ್ದದ ಉತ್ತರ ಬರುತ್ತದೆ, ಹೊಸಬರಿಗೆ ಗಾಬರಿಯಾಗುವಷ್ಟು. ಒಳ್ಳೆಯ ಸಂಗತಿ ಏನೆಂದರೆ ಮೊದಲು ಯಾವುದನ್ನು ನೋಡಬೇಕೋ ಅದಕ್ಕೆ 'ಲುಕ್‌ಫಸ್ಟ್' ಅಂತ ಗುರುತು ಹಾಕಿರುತ್ತಾರೆ. ಪಕ್ಕದಲ್ಲಿ ಅನುಭವಸ್ಥರು ನಿಂತು "ಮೊದಲು ಇದನ್ನು ನೋಡು" ಅಂತ ಬೆರಳು ತೋರಿಸಿದ ಹಾಗೆ.

ನಾನು ಇದನ್ನು ಕಲಿತಿದ್ದು ಹಳೆಯ ಅಂಕಿಗಳನ್ನು ಹಾಕಿ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆದವರನ್ನೂ ಬೇರೆ ಕಾಯಿಲೆಯವರನ್ನೂ ಕೇಳಿ ಪ್ರಕಟಿಸಿದ ಲೆಕ್ಕ. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ 647 ಜನ ಸೇದುವವರು, 2 ಜನ ಸೇದದವರು. ಕ್ಯಾನ್ಸರ್ ಇಲ್ಲದ 649 ಗಂಡಸರಲ್ಲಿ 622 ಮತ್ತು 27. ನಾಲ್ಕು ಮನೆಯಲ್ಲಿ ಇವನ್ನು ತುಂಬಿ ನೋಡಿ. ಆಡ್ಸ್ ರೇಶಿಯೋ 14 ಬರುತ್ತದೆ, ಅಂದರೆ ಕ್ಯಾನ್ಸರ್ ಇದ್ದವರಲ್ಲಿ ಸೇದುವವರಿಗೂ ಸೇದದವರಿಗೂ ಇರುವ ಅನುಪಾತ ಕ್ಯಾನ್ಸರ್ ಇಲ್ಲದವರ ಅನುಪಾತದ 14 ಪಟ್ಟು. ಆದರೆ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ, 3.3ರಿಂದ 59ರ ತನಕ ಹರಡಿಕೊಂಡಿದೆ. 1,298 ಜನರನ್ನು ಕೇಳಿಯೂ ಇಷ್ಟು ಅಗಲ ಯಾಕೆ? ಆ '2' ಇರುವ ಮನೆಯಿಂದ. ಅದನ್ನು 4 ಮಾಡಿ, 647ನ್ನು 645 ಮಾಡಿ ನೋಡಿ, ಆಡ್ಸ್ ರೇಶಿಯೋ 7ಕ್ಕೆ ಇಳಿಯುತ್ತದೆ. ಇಬ್ಬರು ಜನ! ಆ ಇಬ್ಬರನ್ನು ಯಾವ ಮನೆಗೆ ಹಾಕಬೇಕು ಅಂತ ಅವತ್ತು ಅವರು ಎಷ್ಟು ಎಚ್ಚರಿಕೆ ವಹಿಸಿರಬೇಕು ಅಂತ ಆ ರಾತ್ರಿ ಯೋಚನೆ ಬಂತು. ಅಂಥ ನಾಲ್ಕು ಮನೆಗಳ ಲೆಕ್ಕ ದೇಶ ದೇಶದಲ್ಲಿ ಕೂಡುತ್ತಾ ಬಂದು, ನಮ್ಮಲ್ಲಿ 2003ರ ತಂಬಾಕು ಕಾಯ್ದೆ, 2016ರಿಂದ ಪ್ಯಾಕೆಟ್ ಮೇಲೆ 85% ಜಾಗದಲ್ಲಿ ಚಿತ್ರದ ಎಚ್ಚರಿಕೆ ತನಕ ಬಂದಿದೆ. ಆ 85%ರ ನಿಯಮವನ್ನು 2017ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆರೋಗ್ಯ ನೀತಿ ಅಂದರೆ ಎಲ್ಲೋ ದೆಹಲಿಯಲ್ಲಿ ಯಾರೋ ಬರೆಯುವ ಕಾಗದ ಅಂದುಕೊಂಡಿದ್ದೆ. ಅದರ ಒಂದು ತುದಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದ ಪ್ರಶ್ನೆಯಲ್ಲಿದೆ.

ಮಂಗನ ಕಾಯಿಲೆಯಲ್ಲೂ ಅದೇ ಕತೆ. ಇದಕ್ಕೆ ಲಸಿಕೆ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ನೋಯುವ ಇಂಜೆಕ್ಷನ್, ಒಂದು ಸಲ ಹಾಕಿಸಿಕೊಂಡವರು ಎರಡನೆಯದಕ್ಕೆ ಬರಲು ಹಿಂದೆಮುಂದೆ ನೋಡುತ್ತಿದ್ದರು ಅಂತ ಊರಿನವರೇ ಹೇಳುತ್ತಾರೆ. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ 93.5% ರಕ್ಷಣೆ ಅಂತ ಇತ್ತು. 2005ರಿಂದ 2010ರ ಅಂಕಿಗಳನ್ನು ಹಿಡಿದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 62.4%, ಬೂಸ್ಟರ್ ಕೂಡ ಪಡೆದವರಿಗೆ 82.9%. 62.4ರ ಇಂಟರ್ವಲ್ 26ರಿಂದ 81ರ ತನಕ. ಡಾಲ್ ಮತ್ತು ಹಿಲ್ ಅವರ ಆ '2' ಅನ್ನು ನೋಡಿದ ಮೇಲೆ ಈ 26-81 ಓದುವ ರೀತಿಯೇ ಬೇರೆಯಾಯಿತು. ಕೊನೆಗೆ 2022ರಲ್ಲಿ ಆ ಲಸಿಕೆಯೇ ನಿಂತಿತು. ಹೊಸದು ಬರುವ ತನಕ ಕಾಡಿಗೆ ಹೋಗುವವರ ಕೈಯಲ್ಲಿರುವುದು ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದ ಮೇಲೆ ಬಿಸಿನೀರು. ಅದಕ್ಕೇ ಎಣ್ಣೆ ಹಚ್ಚುತ್ತಾರಾ ಅನ್ನೋ ನನ್ನ ಪ್ರಶ್ನೆ ಸಣ್ಣದಲ್ಲ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. "ಎಣ್ಣೆ ಸಿಕ್ಕಿದೆಯಾ ಅಜ್ಜಿ" ಅಂತ ಕೇಳಿದೆ. "ಸಿಕ್ಕಿದೆ ತಂಗಿ, ಅಲ್ಲೇ ಗೂಡಲ್ಲಿದೆ ನೋಡು" ಅಂದರು. ಎದ್ದು ನೋಡಿದೆ. ದೀಪದ ಪಕ್ಕ ಬಾಟಲಿ, ಮುಚ್ಚಳದ ಸೀಲ್ ಹಾಗೇ ಇತ್ತು, ಮೇಲೆ ಮಸಿ ಕೂತಿತ್ತು. "ಹಚ್ಚಲ್ವಾ?" "ದರಗಿಗೆ ಹೋಗೋದು ಬೆಳಕು ಹರಿಯೋ ಮೊದಲು. ಕತ್ತಿ, ಹಗ್ಗ ನೆನಪಾಗುತ್ತೆ, ಇದು ನೆನಪಾಗಲ್ಲ. ಹಚ್ಚಿದರೆ ಕತ್ತಿ ಹಿಡಿ ಬೇರೆ ಜಾರುತ್ತೆ." ನಾನು ಮಾಡಿಕೊಂಡು ಹೋಗಿದ್ದ ಫಾರಂನಲ್ಲಿ ಇದ್ದ ಪ್ರಶ್ನೆ 'ಎಣ್ಣೆ ಬಳಸುತ್ತೀರಾ' ಅಂತ. ಮೊದಲ ದಿನ ಸುಮಾರು ಮನೆಗಳಲ್ಲಿ 'ಹೌದು' ಬರೆದುಕೊಂಡಿದ್ದೆ. ಅದರಲ್ಲಿ ಎಷ್ಟು ಹೌದು ನಿಜವಾದ ಹೌದು?

ಅಜ್ಜಿಯನ್ನು ಯಾವ ಮನೆಗೆ ಹಾಕಬೇಕು ಅನ್ನೋದನ್ನು ಓಪನ್‌ಎಪಿ ಕೇಳುವುದಿಲ್ಲ. ಏನು ಹಾಕಿದರೂ ಲೆಕ್ಕ ಮಾಡಿ, ದಶಾಂಶದ ಸಮೇತ ಉತ್ತರ ಕೊಡುತ್ತದೆ. ಇಲಾಖೆಯ ಪುಸ್ತಕದಲ್ಲಿ ಆ ಮನೆ 'ಎಣ್ಣೆ ತಲುಪಿದ ಮನೆ'. ಅದು ಸುಳ್ಳಲ್ಲ, ಬಾಟಲಿ ತಲುಪಿದೆ. ಆದರೆ ತಲುಪಿದ್ದನ್ನೇ ಹಚ್ಚಿದ್ದು ಅಂತ ಎಣಿಸಿ, ಆಮೇಲೆ ಕಾಯಿಲೆ ಬಂದವರ ಜೊತೆ ಹೋಲಿಸಿದರೆ, ಎಣ್ಣೆಯಿಂದ ಏನೂ ಪ್ರಯೋಜನವಿಲ್ಲ ಅಂತ ಉತ್ತರ ಬರಬಹುದು. ಆ ಉತ್ತರ ಹಿಡಿದು ಯಾರಾದರೂ ಎಣ್ಣೆ ಕೊಡುವುದನ್ನೇ ನಿಲ್ಲಿಸಿದರೆ? ಎಣ್ಣೆಯ ತಪ್ಪಲ್ಲ ಅದು, ಪ್ರಶ್ನೆಯ ತಪ್ಪು. ಆ ಸಂಜೆಯೇ ಮೇಡಂಗೆ ಫೋನ್ ಮಾಡಿದೆ. ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಕಳಿಸಿ, ಒಪ್ಪಿಗೆ ಬಂದ ಮೇಲೆ ಪ್ರಶ್ನೆ ಬದಲಾಯಿಸಿದೆ. 'ಕಳೆದ ಸಲ ಕಾಡಿಗೆ ಹೋಗಿದ್ದು ಯಾವತ್ತು? ಅವತ್ತು ಹಚ್ಚಿದ್ದಿರಾ? ಬಾಟಲಿ ತೋರಿಸ್ತೀರಾ?' ಮೊದಲು ಹೋದ ಮನೆಗಳಿಗೆ ಮತ್ತೆ ಹೋದೆ. ಹತ್ತು ದಿನ ಹೆಚ್ಚು ಹಿಡಿಯಿತು, ಒಂದು ದಿನವೂ ವ್ಯರ್ಥ ಅನ್ನಿಸಲಿಲ್ಲ.

ಕೊರತೆಗಳನ್ನೂ ಹೇಳುತ್ತೇನೆ. ನೋಡಲು ಹಳೆಯ ಕಾಲದ ಸೈಟ್. 3.01 ಆವೃತ್ತಿಯ ಕೆಳಗೆ 2013ರ ಏಪ್ರಿಲ್ ಅಂತ ಇದೆ, ರೂಪವೂ ಆ ಕಾಲದ್ದೇ. ಮೊಬೈಲ್‌ನಲ್ಲಿ ಬಳಸುವುದು ಕಷ್ಟ, ಅಕ್ಷರ ಸಣ್ಣ, ಮೆನು ಎಡಗಡೆ ಒತ್ತಿಕೊಂಡಿರುತ್ತದೆ. ಬ್ರೌಸರ್‌ನಲ್ಲಿ ಪಾಪ್‌ಅಪ್‌ಗೆ ತಡೆ ಇದ್ದರೆ ಮೊದಲು ಅದನ್ನು ತೆಗೆಯಿರಿ. ಇಡೀ ಡೇಟಾ ಶೀಟನ್ನು ಇದಕ್ಕೆ ಕೊಡಲು ಆಗಲ್ಲ, ಎಣಿಸಿ ಒಟ್ಟು ಮಾಡಿದ ಅಂಕಿಗಳನ್ನು ಮಾತ್ರ ತುಂಬಬೇಕು. ವಯಸ್ಸು, ಕಸುಬು, ಕಾಡಿಗೆ ಹೋಗುವ ದಿನಗಳು ಎಲ್ಲವನ್ನೂ ಒಟ್ಟಿಗೆ ಹಿಡಿದು ರಿಗ್ರೆಷನ್ ಮಾಡಬೇಕಾದರೆ ಇದು ಸಾಲದು, ಆರ್ ಅಥವಾ ಜಮೋವಿ ಅನ್ನೋ ಸಾಫ್ಟ್‌ವೇರ್ ಕಲಿಯಿರಿ, ಅವೂ ಪುಕ್ಕಟೆಯೇ. ಇನ್ನೊಂದು ಎಚ್ಚರಿಕೆ: ಮಜರೆ ಮಜರೆಯಾಗಿ ಆರಿಸಿದ ಸ್ಯಾಂಪಲ್ಲನ್ನು ಈ ನಾಲ್ಕು ಮನೆಗೆ ಸುಮ್ನೆ ತುಂಬಿದರೆ, ಇಂಟರ್ವಲ್ ಇರಬೇಕಾದದ್ದಕ್ಕಿಂತ ಕಿರಿದಾಗಿ ಬರುತ್ತದೆ. ಸ್ಯಾಂಪಲ್ ಲೆಕ್ಕ ಹಾಕುವಾಗ ಡಿಸೈನ್ ಎಫೆಕ್ಟ್ ಕೇಳುವ ಸೈಟ್ ಟೇಬಲ್‌ನಲ್ಲಿ ಅದನ್ನು ಕೇಳುವುದಿಲ್ಲ. ನಾನು ಕೊನೆಯ ಲೆಕ್ಕವನ್ನು ಆರ್‌ನಲ್ಲಿ ಮಾಡಿದ್ದು ಅದಕ್ಕೇ. ಮತ್ತೆ, ಕನ್ನಡ ಇಲ್ಲ. ಫ್ರೆಂಚ್, ಸ್ಪ್ಯಾನಿಷ್ ಇದೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ರಿಸರ್ಚ್ ಅಂದರೆ ಏನು ಅಂತಲೇ ಗೊತ್ತಿಲ್ಲದವರು ಮೊದಲು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು (ಐಸಿಎಂಆರ್-ಎನ್‌ಐಇ) ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ನಡೆಸುವ ಹೆಲ್ತ್ ರಿಸರ್ಚ್ ಕೋರ್ಸ್ ನೋಡಿಕೊಳ್ಳಿ. ವಿಡಿಯೋಗಳು ಚಿಕ್ಕವು, ಭಾಷೆ ಸರಳ. ಅದರ ಜೊತೆ ಓಪನ್‌ಎಪಿ ಇಟ್ಟುಕೊಂಡರೆ ಸರಳವಾದ ಮೊದಲ ಪ್ರಾಜೆಕ್ಟ್‌ಗೆ ಬೇರೇನೂ ಬೇಡ. ದುಡ್ಡು ಕೊಟ್ಟು ಸ್ಟಾಟಿಸ್ಟಿಕ್ಸ್ ಮಾಡಿಸುವವರ ಹತ್ತಿರ ಹೋಗಬೇಡಿ. ಹೋದರೆ ಟೇಬಲ್ ಚಂದ ಬರುತ್ತದೆ, ಆದರೆ ಅಜ್ಜಿ ಯಾವ ಮನೆಯಲ್ಲಿದ್ದಾಳೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಪಿಎಸ್‌ಎಂ (ಸಮುದಾಯ ವೈದ್ಯಶಾಸ್ತ್ರ) ಅಂದರೆ ನಮ್ಮ ಬ್ಯಾಚ್‌ನಲ್ಲಿ ಪರೀಕ್ಷೆಗೆ ಮೂರು ದಿನ ಮುಂಚೆ ಓದುವ ವಿಷಯ. ನಾನು ಎಂಡಿಗೆ ಅದನ್ನೇ ತೆಗೆದುಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಹಾಗಾದರೆ ನೀನು ರೋಗಿ ನೋಡೋದೇ ಇಲ್ವಾ?" ಅಂತ ಕೇಳಿದರು. ಲ್ಯಾಪ್‌ಟಾಪ್ ತೆರೆದು ನಾಲ್ಕು ಮನೆ ತೋರಿಸಿದೆ, ಒಂದೊಂದು ಮನೆಯಲ್ಲಿ ಯಾರ‍್ಯಾರಿದ್ದಾರೆ ಅಂತ ಹೇಳಿದೆ. ಪೂರ್ತಿ ಒಪ್ಪಿದರಾ ಗೊತ್ತಿಲ್ಲ, ಆದರೆ ಅಜ್ಜಿಯ ಬಾಟಲಿಯ ವಿಷಯ ಮರುದಿನ ಅಮ್ಮನಿಗೆ ಅವರೇ ಹೇಳುತ್ತಿದ್ದರು.

ನನ್ನ ಮಾರ್ಕು 5ಕ್ಕೆ 4. ಕಳೆದುಹೋದ ಒಂದು ಕನ್ನಡದ್ದು.

ರಿಪೋರ್ಟ್ ಮುಗಿದ ಮೇಲೆ ಪಿಎಚ್‌ಸಿಯ ತಿಂಗಳ ಮೀಟಿಂಗ್‌ನಲ್ಲಿ ತೋರಿಸಲು ಹೋಗಿದ್ದೆ. ವೈದ್ಯಾಧಿಕಾರಿಗಳು ಒಂದು ಮಾತು ಒಪ್ಪಿಕೊಂಡರು, ಮುಂದಿನ ಸೀಸನ್‌ನಿಂದ ಎಣ್ಣೆ ಕೊಟ್ಟ ಲೆಕ್ಕದ ಪಕ್ಕದಲ್ಲಿ 'ಕಳೆದ ಸಲ ಹಚ್ಚಿದ್ದರಾ' ಅನ್ನೋ ಕಾಲಂ ಕೂಡ ಇರಲಿ ಅಂತ. ಮೀಟಿಂಗ್ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ, ನನ್ನನ್ನು ಮನೆಮನೆಗೆ ಕರೆದುಕೊಂಡು ಹೋಗಿದ್ದ ಆಶಾ ಅಕ್ಕ ಲ್ಯಾಪ್‌ಟಾಪ್ ಹತ್ತಿರ ಬಂದರು. "ಮೇಡಂ, ನಮ್ಮ ಮಜರೆಯದ್ದು ಮಾತ್ರ ಹಾಕಿದರೆ ಎಷ್ಟು ಬರುತ್ತೆ?" ಹದಿಮೂರೇ ಜನ, ಅದರಿಂದ ಏನೂ ಹೇಳೋಕಾಗಲ್ಲ ಅಕ್ಕ ಅಂದೆ. "ಹಾಗಾದರೆ ಉಳಿದ ಮನೆಗಳನ್ನು ನಾನೇ ಕೇಳಿಕೊಂಡು ಬರ್ತೀನಿ" ಅಂದರು, ನನ್ನ ಫಾರಂನ ಒಂದು ಪ್ರತಿ ಮಡಚಿ ಚೀಲಕ್ಕೆ ಹಾಕಿಕೊಂಡರು.